ಅಡಿಕೆ ಅಂಗಳದ ಆಕಾಶ

ನೆಲ, ಜಲ ಮತ್ತು ಕಾಡಿನ ಉಳಿವಿಗಾಗಿ ಘಟ್ಟದ ಸೀಮೆಯ ಜನ ಹಲವು ದಶಕಗಳಿಂದ ದನಿಯೆತ್ತುತ್ತ ಬಂದಿದ್ದಾರೆ. ನದಿ ತಿರುವಿನ ಯೋಜನೆ, ಕಿರುಜಲವಿದ್ಯುತ್ ಘಟಕ, ಗಣಿ, ಹೆದ್ದಾರಿ ಅಗಲೀಕರಣ ಮೊದಲಾದವು ಚರ್ಚೆಗೆ ಬಂದಿವೆ, ಕೆಲವು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿವೆ. ಆದರೆ ಈ ಪಟ್ಟಿಗೆ ಇನ್ನೂ ಸೇರದ ಸಂಪತ್ತೊಂದು ಪ್ರತಿ ರಾತ್ರಿ ತುಸುತುಸುವೇ ಕರಗುತ್ತಿದೆ. ಅದು ಕತ್ತಲೆ. ಮರ ಉರುಳಿದರೆ ಸದ್ದಾಗುತ್ತದೆ, ಹೊಳೆ ಬತ್ತಿದರೆ ಕಣ್ಣಿಗೆ ಕಾಣುತ್ತದೆ. ಆಕಾಶಗಂಗೆ ಮಸುಕಾದರೆ ಮಾತ್ರ ಯಾರಿಗೂ ಅರಿವಾಗುವುದಿಲ್ಲ, ಏಕೆಂದರೆ ತಲೆಯೆತ್ತಿ ನೋಡುವ ಅಭ್ಯಾಸವೇ ಅದಕ್ಕಿಂತ ಮೊದಲು ಮರೆಯಾಗಿರುತ್ತದೆ.

ಹಾಗೆ ತಲೆಯೆತ್ತಿ ನೋಡುವ, ನೋಡಿದ್ದನ್ನು ದಾಖಲಿಸುವ ಹವ್ಯಾಸವೊಂದು ಈಗ ಸಾಮಾನ್ಯರ ಕೈಗೆಟಕುವಂತಾಗಿದೆ. ಮನೆಯ ಸಣ್ಣ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ನೀಹಾರಿಕೆ, ನಕ್ಷತ್ರಗುಚ್ಛ, ದೂರದ ಗೆಲಾಕ್ಸಿಗಳ ಚಿತ್ರ ತೆಗೆಯುವ ಹವ್ಯಾಸ ಅದು. ಬೆಂಗಳೂರಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ 1976ರಿಂದಲೂ ಇದೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಬಳಗ ಕರಾವಳಿಯ ವಿದ್ಯಾರ್ಥಿಗಳಿಗೆ ಆಕಾಶದ ಪರಿಚಯ ಮಾಡಿಸಿದೆ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ತಾರಾಲಯ ಆರಂಭವಾಯಿತು. ಆದರೆ ತಾರಾಲಯದ ಗುಮ್ಮಟದೊಳಗೆ ಟಿಕೆಟು ಕೊಟ್ಟು ನೋಡುವ ಆಕಾಶ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಒಳಹಳ್ಳಿಗಳಲ್ಲಿ ಮನೆಯ ಮುಂದೆಯೇ ಇದೆ. ಪಶ್ಚಿಮದಲ್ಲಿ ಮಂಗಳೂರಿನ ಬೆಳಕಿನ ಮಬ್ಬು ಕಂಡರೂ ಪೂರ್ವಕ್ಕೆ ಪುಷ್ಪಗಿರಿ, ಬಿಸಿಲೆ, ಶಿರಾಡಿಗಳ ಕಾಡು ಕತ್ತಲನ್ನು ಕಾಪಾಡಿಕೊಂಡು ಬಂದಿದೆ.

ಈ ಸೀಮೆಯ ಕೃಷಿಯ ಕ್ರಮಕ್ಕೂ ಆಕಾಶದ ಕ್ರಮಕ್ಕೂ ಒಂದು ಹೊಂದಿಕೆಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಸುಕಿದ ಆಕಾಶದಲ್ಲಿ ನಕ್ಷತ್ರ ಕಾಣುವುದೇ ಅಪರೂಪ. ಮಳೆ ಹಿಂದೆ ಸರಿದ ಮೇಲೆ ಹುಲ್ಲು ಕೆತ್ತಿ, ಸಮತಟ್ಟು ಮಾಡಿ, ಸೆಗಣಿ ಸಾರಿಸಿ ಅಡಿಕೆ ಅಂಗಳವನ್ನು ಅಣಿಗೊಳಿಸುತ್ತಾರೆ. ಚಾಲಿ ಅಡಿಕೆ ಒಣಗಲು ಸುಮಾರು ನಲವತ್ತು ದಿನಗಳ ಬಿಸಿಲು ಬೇಕು, ಆದುದರಿಂದ ಸುತ್ತಲೂ ತೋಟ ಕವಿದಿರುವ ಮನೆಯಲ್ಲಿಯೂ ಅಂಗಳದ ಮೇಲೆ ನೆರಳು ಬೀಳದಂತೆ ಜಾಗ ಬಿಟ್ಟಿರುತ್ತಾರೆ. ಹಗಲಿನಲ್ಲಿ ಸೂರ್ಯನಿಗೆ ತೆರೆದ ಆ ಅಂಗಳ ರಾತ್ರಿ ನಕ್ಷತ್ರಗಳಿಗೂ ತೆರೆದೇ ಇರುತ್ತದೆ. ಅಡಿಕೆ ಒಣಗುವ ತಿಂಗಳುಗಳೇ ಆಕಾಶ ಶುಭ್ರವಾಗಿರುವ ತಿಂಗಳುಗಳೂ ಹೌದು. ದೂರದರ್ಶಕ ಇಡಲು ಕಾಡಿಗೆ ಹೋಗಬೇಕಿಲ್ಲ, ಬೆಟ್ಟ ಹತ್ತಬೇಕಿಲ್ಲ.

ರೈತರ ಬಾಯಲ್ಲಿ ನಕ್ಷತ್ರಗಳ ಹೆಸರು ಇಂದಿಗೂ ಬದುಕಿರುವುದು ಮಳೆಯಿಂದಾಗಿ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆಯನ್ನು ಎಣಿಸುವವರಲ್ಲಿ ಆ ನಕ್ಷತ್ರಗಳನ್ನು ಗುರುತಿಸಬಲ್ಲವರು ಈಗ ವಿರಳ. ಇದಕ್ಕೆ ಒಂದು ಕಾರಣ ಲೆಕ್ಕದಲ್ಲಿಯೇ ಇದೆ. ಸೂರ್ಯನು ಯಾವ ನಕ್ಷತ್ರದ ನೆರೆಯಲ್ಲಿರುತ್ತಾನೋ ಆ ಹೆಸರು ಮಳೆಗೆ ಬರುತ್ತದೆ, ಆದುದರಿಂದ ಕೃತ್ತಿಕೆ ಮಳೆಯ ಮೇ ತಿಂಗಳಲ್ಲಿ ಕೃತ್ತಿಕೆ ಕಾಣುವುದಿಲ್ಲ. ಅದನ್ನು ನೋಡಲು ನವೆಂಬರಿನಿಂದ ಫೆಬ್ರವರಿಯವರೆಗಿನ ಇರುಳು ಬೇಕು. ಬರಿಗಣ್ಣಿಗೆ ಆರೇಳು ಚುಕ್ಕಿಗಳ ಗೊಂಚಲಿನಂತೆ ತೋರುವ ಕೃತ್ತಿಕೆ, ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿರುವ ನೂರಾರು ನಕ್ಷತ್ರಗಳ ಗುಚ್ಛವೆಂದೂ, ಅದರ ಸುತ್ತ ನೀಲಿ ಹೊಳಪಿನ ಧೂಳು ಹರಡಿದೆಯೆಂದೂ ಒಂದು ಚಿತ್ರ ತೋರಿಸಿಕೊಡುತ್ತದೆ. ಮೃಗಶಿರದ ಬಳಿ ಸಾಲಾಗಿ ನಿಂತ ಮೂರು ನಕ್ಷತ್ರಗಳ ಕೆಳಗೆ ಮಂಜಿನ ಹನಿಯಂತಿರುವುದು ಸುಮಾರು 1,300 ಜ್ಯೋತಿರ್ವರ್ಷ ದೂರದ ಮಹಾವ್ಯಾಧ ನೀಹಾರಿಕೆ. ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ.

ಈ ಚಿತ್ರಗಳ ಹಿಂದಿರುವುದು ಮಾಯೆಯಲ್ಲ, ತಾಳ್ಮೆ. ಕಣ್ಣು ಬೆಳಕನ್ನು ಕೂಡಿಡಲಾರದು, ಕ್ಯಾಮೆರಾದ ಸಂವೇದಕ ಕೂಡಿಡಬಲ್ಲುದು. ಆದರೆ ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗುವುದರಿಂದ, ಸಾಮಾನ್ಯ ಮಸೂರದಲ್ಲಿಯೂ ಕೆಲವೇ ಸೆಕೆಂಡುಗಳಲ್ಲಿ ನಕ್ಷತ್ರ ಗೆರೆಯಾಗಿ ಎಳೆದುಕೊಳ್ಳುತ್ತದೆ. ಅದನ್ನು ತಪ್ಪಿಸಲು ಭೂಮಿಯ ಚಲನೆಗೆ ಎದುರಾಗಿ ಅಷ್ಟೇ ವೇಗದಲ್ಲಿ ತಿರುಗುವ ಪೀಠ ಬೇಕು, ಅದರ ಅಕ್ಷ ಧ್ರುವದತ್ತ ನೆಟ್ಟಿರಬೇಕು. ಈ ಸೀಮೆಯ ತೊಡಕು ಇರುವುದು ಇಲ್ಲಿಯೇ. ಯಾವುದೇ ಊರಿನಲ್ಲಿ ಧ್ರುವ ನಕ್ಷತ್ರದ ಎತ್ತರ ಹೆಚ್ಚುಕಡಿಮೆ ಆ ಊರಿನ ಅಕ್ಷಾಂಶದಷ್ಟೇ ಇರುತ್ತದೆ. ಸುಳ್ಯ, ಪುತ್ತೂರುಗಳಲ್ಲಿ ಅದು ದಿಗಂತದಿಂದ ಹನ್ನೆರಡು ಹದಿಮೂರು ಡಿಗ್ರಿ ಮೇಲಿರುವುದರಿಂದ ಉತ್ತರದ ಗುಡ್ಡವೋ ಅಡಿಕೆಯ ತಲೆಗಳೋ ಅದನ್ನು ಮರೆಮಾಡುತ್ತವೆ. ಆಗ ಬೇರೆ ನಕ್ಷತ್ರಗಳ ಜಾರುವಿಕೆಯನ್ನು ಗಮನಿಸಿ ಪೀಠವನ್ನು ಸರಿಪಡಿಸಬೇಕಾಗುತ್ತದೆ. ಈ ಎಲ್ಲ ಕೆಲಸವನ್ನು ತಾನೇ ಮಾಡುವ ಪುಟ್ಟ ಸ್ವಯಂಚಾಲಿತ ದೂರದರ್ಶಕಗಳೂ ಇತ್ತೀಚಿನ ವರ್ಷಗಳಲ್ಲಿ ಬಂದಿವೆ.

ಧ್ರುವ ತಗ್ಗಿರುವ ನಷ್ಟಕ್ಕೆ ಪ್ರತಿಯಾಗಿ ದಕ್ಷಿಣದ ಲಾಭವಿದೆ. ಲಕ್ಷಾಂತರ ನಕ್ಷತ್ರಗಳು ಒತ್ತಾಗಿ ಸೇರಿದ ಒಮೆಗಾ ಸೆಂಟಾರಿ ಎಂಬ ಗುಚ್ಛ ಏಪ್ರಿಲ್ ತಿಂಗಳ ನಡುರಾತ್ರಿ ಇಲ್ಲಿ ದಕ್ಷಿಣ ದಿಗಂತದಿಂದ ಸುಮಾರು 30 ಡಿಗ್ರಿ ಮೇಲೇರುತ್ತದೆ. ದೆಹಲಿಯಲ್ಲಿ ಅದು 14 ಡಿಗ್ರಿಗೆ ನಿಲ್ಲುತ್ತದೆ, ಲಂಡನ್ನಿನಲ್ಲಿ ಉದಯಿಸುವುದೇ ಇಲ್ಲ. ತ್ರಿಶಂಕು ನಕ್ಷತ್ರಪುಂಜವೂ ಹಾಗೆಯೇ ಇಲ್ಲಿಯ ಬೇಸಗೆಯ ಇರುಳಿನಲ್ಲಿ ಸಲೀಸಾಗಿ ಕಾಣುತ್ತದೆ.

ಒಂದೇ ವಸ್ತುವಿನ ಹತ್ತಾರು, ನೂರಾರು ಚಿತ್ರಗಳನ್ನು ತೆಗೆದು ಗಣಕದಲ್ಲಿ ಒಂದರ ಮೇಲೊಂದು ಜೋಡಿಸುವುದು ಮುಂದಿನ ಹೆಜ್ಜೆ. ನಾಲ್ಕು ಚಿತ್ರ ಸೇರಿದರೆ ಸ್ಪಷ್ಟತೆ ಎರಡು ಪಟ್ಟು, ನೂರು ಸೇರಿದರೆ ಹತ್ತು ಪಟ್ಟು. ಇದು ವರ್ಗಮೂಲದ ಸರಳ ಲೆಕ್ಕ, ಪ್ರೌಢಶಾಲೆಯ ಮಕ್ಕಳಿಗೂ ತಿಳಿಯುವಂಥದು. ಇಬ್ಬನಿಯಿಂದ ಮಸೂರವನ್ನು ಕಾಯುವುದು, ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡುವುದು ಈ ಸೀಮೆಯಲ್ಲಿ ಅನಿವಾರ್ಯ. ಅಡಿಕೆಗೆ ಕೊಳೆರೋಗ ತರುವ ತೇವ ಗಾಜನ್ನೂ ಬಿಡುವುದಿಲ್ಲ.

ಇಷ್ಟೆಲ್ಲ ತಾಳ್ಮೆಯಿಂದಲೂ ಗೆಲ್ಲಲಾಗದ ಶತ್ರುವೆಂದರೆ ಕೃತಕ ಬೆಳಕು. ಆಕಾಶದ ಹಿನ್ನೆಲೆಯ ಬೆಳಕು ಇಮ್ಮಡಿಯಾದರೆ ಮಸುಕಾದ ನೀಹಾರಿಕೆಯ ಅದೇ ಗುಣಮಟ್ಟದ ಚಿತ್ರಕ್ಕೆ ಬೇಕಾಗುವ ಸಮಯವೂ ಇಮ್ಮಡಿಯಾಗುತ್ತದೆ. ಹಿಂದಿನ ಸೋಡಿಯಂ ದೀಪಗಳ ಬೆಳಕು ಬಹುಮಟ್ಟಿಗೆ ಹಳದಿಯ ಕಿರಿದಾದ ಪಟ್ಟಿಯಲ್ಲಿದ್ದುದರಿಂದ ಅದನ್ನು ಸೋಸಿ ತೆಗೆಯುವ ಗಾಜುಗಳಿದ್ದವು. ಬಿಳಿ ಎಲ್‌ಇಡಿಯ ಬೆಳಕು ಎಲ್ಲ ಬಣ್ಣಗಳಲ್ಲಿಯೂ ಹರಡಿರುವುದರಿಂದ ಅದನ್ನು ಹಾಗೆ ಸೋಸಲಾಗದು. ಅದರಲ್ಲಿ ನೀಲಿಯ ಪಾಲು ಅಧಿಕ. ಶುದ್ಧ ಗಾಳಿಯಲ್ಲಿ 450 ನ್ಯಾನೋಮೀಟರಿನ ನೀಲಿ ಬೆಳಕು 600 ನ್ಯಾನೋಮೀಟರಿನ ಕಿತ್ತಳೆ ಬೆಳಕಿಗಿಂತ ಮೂರು ಪಟ್ಟು ಹೆಚ್ಚು ಚದುರುತ್ತದೆ. ಹಗಲಿನ ಆಕಾಶವನ್ನು ನೀಲಿಯಾಗಿಸುವ ನಿಯಮವೇ ರಾತ್ರಿಯ ಆಕಾಶವನ್ನು ಬೆಳ್ಳಗಾಗಿಸುತ್ತದೆ.

ದೇಶದಲ್ಲಿ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಾಯಿಸುವ ರಾಷ್ಟ್ರೀಯ ಕಾರ್ಯಕ್ರಮ 2015ರಲ್ಲಿ ಆರಂಭವಾಯಿತು. ವಿದ್ಯುತ್ತಿನ ಉಳಿತಾಯ ಅದರ ಉದ್ದೇಶ, ಆ ಉದ್ದೇಶ ಒಳ್ಳೆಯದೇ. ಆದರೆ ಅಗ್ಗವಾದ ಬೆಳಕು ಅಗತ್ಯವಿಲ್ಲದ ಕಡೆಗೂ ಹರಿಯುತ್ತದೆ. 2011ರಿಂದ 2022ರವರೆಗೆ ಜಗತ್ತಿನ ನಾನಾ ಕಡೆಯ ಜನ ಬರಿಗಣ್ಣಿನಿಂದ ಮಾಡಿದ 51,351 ವೀಕ್ಷಣೆಗಳನ್ನು ವಿಶ್ಲೇಷಿಸಿದ ಅಧ್ಯಯನವೊಂದು 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಕಾಶದ ಬೆಳಕು ವರ್ಷಕ್ಕೆ ಸರಾಸರಿ 9.6 ಶೇಕಡಾ ಏರುತ್ತಿದೆಯೆಂದು ಅದು ಕಂಡುಕೊಂಡಿತು. 250 ನಕ್ಷತ್ರ ಕಾಣುವ ಊರಿನಲ್ಲಿ ಹುಟ್ಟಿದ ಮಗು ಹದಿನೆಂಟನೆಯ ವಯಸ್ಸಿಗೆ ಅದೇ ಊರಿನಲ್ಲಿ ಕಾಣುವುದು 100 ನಕ್ಷತ್ರಗಳನ್ನು ಮಾತ್ರ.

ನಕ್ಷತ್ರ ಕಾಣದಿದ್ದರೆ ಹೊಟ್ಟೆಗೇನು ಕಡಿಮೆಯಾಗುತ್ತದೆ ಎಂಬ ಪ್ರಶ್ನೆ ಸಹಜ. ಉತ್ತರ ಹೊಲದಲ್ಲಿಯೇ ಇದೆ. ಬೆಳಕು ಕೀಟವನ್ನು ಸೆಳೆಯುತ್ತದೆಂಬುದು ಗದ್ದೆಯಲ್ಲಿ ದೀಪದ ಬಲೆ ಇಟ್ಟ ರೈತನಿಗೆ ತಿಳಿದದ್ದೇ. ಆ ಬಲೆ ಕೀಟಬಾಧೆಯ ಕೆಲವು ವಾರಗಳಿಗೆ ಮಾತ್ರ. ಇಡೀ ವರ್ಷ ಉರಿಯುವ ಬೀದಿದೀಪವೋ ಬಾಧಕ ಕೀಟ, ಉಪಕಾರಿ ಕೀಟ ಎಂಬ ಭೇದವಿಲ್ಲದ ಬಲೆ. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ನಡೆದು 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದೀಪವಿಟ್ಟ ಕಡೆ ರಾತ್ರಿಯ ಪರಾಗಸ್ಪರ್ಶಿ ಕೀಟಗಳ ಭೇಟಿ 62 ಶೇಕಡಾ ಕುಗ್ಗಿತ್ತು. ಹಗಲಿನ ಕೀಟಗಳು ಆ ಕೊರತೆಯನ್ನು ತುಂಬಿಕೊಡಲಾಗದೆ ಒಂದು ಬಗೆಯ ಮುಳ್ಳುಗಿಡದಲ್ಲಿ ಕಾಯಿಕಟ್ಟುವಿಕೆ 13 ಶೇಕಡಾ ಇಳಿದಿತ್ತು. ಅಲ್ಲಿಯ ಅಂಕಿಯನ್ನು ಇಲ್ಲಿಗೆ ಹಾಗೆಯೇ ಹೊಂದಿಸಲಾಗದು. ಆದರೆ ಮುಂಗಾರಿಗೆ ಮುನ್ನ ಮರಮರವನ್ನೇ ಬೆಳಗುವ ಮಿಂಚುಹುಳುಗಳು ಸಂಗಾತಿಯನ್ನು ಕರೆಯುವುದು ಬೆಳಕಿನ ಭಾಷೆಯಲ್ಲಿ. ಪಕ್ಕದಲ್ಲಿ ಪ್ರಖರ ದೀಪವಿದ್ದರೆ ಆ ಕರೆ ಕೇಳಿಸದು. ದೀಪದ ಕಂಬದ ಬುಡದಲ್ಲಿ ಮುಂಜಾವಿಗೆ ಬಿದ್ದಿರುವ ಪತಂಗಗಳನ್ನು ಎಣಿಸಲು ಪ್ರಯೋಗಾಲಯ ಬೇಕಿಲ್ಲ.

ಹಾಗೆಂದು ದೀಪವನ್ನೇ ವಿರೋಧಿಸುವುದು ಅನ್ಯಾಯವಾದೀತು. ಚಿಮಿಣಿ ದೀಪದಲ್ಲಿ ಓದಿದ ತಲೆಮಾರು ಇನ್ನೂ ಬದುಕಿದೆ, ವಿದ್ಯುತ್ತಿಗಾಗಿ ಹಳ್ಳಿಗಳು ಕಾದ ವರ್ಷಗಳು ಅನೇಕ. ಕಾಡಂಚಿನವರ ಭಯವೂ ನಿಜವಾದುದು. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆಯ ದಾಳಿಗೆ ಇಬ್ಬರು ಬಲಿಯಾದರು. ಮುಂಜಾನೆ ಹಾಲು ಕೊಂಡೊಯ್ಯುವವರಿಗೆ, ಟ್ಯಾಪಿಂಗಿಗೆ ಹೊರಡುವವರಿಗೆ, ಸಂಜೆ ಬಸ್ಸಿಳಿದು ನಡೆಯುವ ವಿದ್ಯಾರ್ಥಿನಿಯರಿಗೆ ದಾರಿಯಲ್ಲಿ ಬೆಳಕು ಬೇಕೇ ಬೇಕು. ಪ್ರಶ್ನೆಯಿರುವುದು ಆ ಬೆಳಕು ದಾರಿಗೆ ಬೀಳುತ್ತದೆಯೇ ಎಂಬಲ್ಲಿ. ಮುಚ್ಚಳವಿಲ್ಲದ ದೀಪ ತನ್ನ ಬೆಳಕಿನ ಒಂದು ಪಾಲನ್ನು ಆಕಾಶಕ್ಕೂ ಇನ್ನೊಂದು ಪಾಲನ್ನು ನಡೆಯುವವರ ಕಣ್ಣಿಗೂ ಎಸೆಯುತ್ತದೆ. ಕಣ್ಣು ಕೋರೈಸಿದವರಿಗೆ ದೀಪದಾಚೆಯ ಕತ್ತಲು ಇನ್ನಷ್ಟು ದಟ್ಟವಾಗುತ್ತದೆ, ಅಲ್ಲಿ ನಿಂತ ಆನೆಯೂ ಕಾಣುವುದಿಲ್ಲ. ಕೆಳಮುಖವಾಗಿ ಮುಚ್ಚಳವಿರುವ ದೀಪ ಕಡಿಮೆ ವಿದ್ಯುತ್ತಿನಲ್ಲಿಯೇ ದಾರಿಯನ್ನು ಚೆನ್ನಾಗಿ ತೋರಿಸುತ್ತದೆ. ಆಕಾಶದ ಹಿತವೂ ದಾರಿಹೋಕರ ಹಿತವೂ ಇಲ್ಲಿ ಬೇರೆ ಬೇರೆಯಲ್ಲ.

ಇದು ಕೇವಲ ಕಲ್ಪನೆಯಲ್ಲವೆಂಬುದಕ್ಕೆ ಲಡಾಖಿನ ಹಾನ್ಲೆ ಸಾಕ್ಷಿ. ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತದೆ. 2022ರಲ್ಲಿ ಅದರ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲೆಯ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಊರಿನ ಯುವಕ ಯುವತಿಯರು ದೂರದರ್ಶಕದ ತರಬೇತಿ ಪಡೆದು ಬಂದವರಿಗೆ ಆಕಾಶ ತೋರಿಸುತ್ತಾರೆ. 2024ರ ಜನವರಿಯಲ್ಲಿ ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶಕ್ಕೂ ಇಂಥ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು. ಆದರೆ ಪಶ್ಚಿಮ ಘಟ್ಟಕ್ಕೆ ಈ ಮಾದರಿಯನ್ನು ತರುವಾಗ ಎಚ್ಚರವಿರಬೇಕು. ನಕ್ಷತ್ರ ತೋರಿಸುವ ಹೆಸರಿನಲ್ಲಿ ಕಾಡಂಚಿಗೆ ರೆಸಾರ್ಟ್ ಬಂದರೆ ಅದರೊಂದಿಗೆ ದೀಪವೂ ರಸ್ತೆಯೂ ಬರುತ್ತವೆ, ಕತ್ತಲೆ ಹೋಗುತ್ತದೆ.

ಕಾನೂನಿನ ಆಸರೆ ಇಲ್ಲಿ ದುರ್ಬಲ. 1981ರ ವಾಯುಮಾಲಿನ್ಯ ಕಾಯಿದೆಗೆ 1987ರ ತಿದ್ದುಪಡಿಯಲ್ಲಿ ಸದ್ದು ಸೇರಿತು, ಬೆಳಕು ಸೇರಲಿಲ್ಲ. ಆದರೆ ಹಳ್ಳಿಯ ಬೀದಿದೀಪ ಗ್ರಾಮ ಪಂಚಾಯತಿನ ಹೊಣೆ, ಅದರ ವಿದ್ಯುತ್ ಬಿಲ್ಲು ಊರಿನ ತೆರಿಗೆಯನ್ನೂ ತಿನ್ನುವ ವೆಚ್ಚ. ಆದುದರಿಂದ ದಿಲ್ಲಿಯ ಕಾನೂನಿಗೆ ಕಾಯಬೇಕಿಲ್ಲ, ಗ್ರಾಮಸಭೆಯ ನಿರ್ಣಯ ಸಾಕು. ಹೊಸ ದೀಪಗಳಿಗೆ ಕೆಳಮುಖದ ಮುಚ್ಚಳವಿರಬೇಕು. ನೀಲಿ ಬಿಳಿಯ ಬದಲು 3000 ಕೆಲ್ವಿನ್‌ಗಿಂತ ಕೆಳಗಿನ ಹಳದಿ ಛಾಯೆಯ ದೀಪಗಳನ್ನು ಕೊಳ್ಳಬೇಕು. ಜನಸಂಚಾರವಿಲ್ಲದ ಹೊತ್ತಿನಲ್ಲಿ ಆರುವ ಅಥವಾ ಮಂದವಾಗುವ ವ್ಯವಸ್ಥೆ ಇರಬೇಕು. ಒಂದು ಬಾವಿಕಟ್ಟೆಗೆ ಸಾಲುವ ಬೆಳಕಿನ ಬದಲು ಇಡೀ ಗುಡ್ಡವನ್ನೇ ಬೆಳಗುವ ಹೈಮಾಸ್ಟ್ ದೀಪವನ್ನು ಕಾಡಂಚಿನಲ್ಲಿ ನೆಡುವ ಮುನ್ನ ಅದು ಯಾರಿಗಾಗಿ ಎಂದು ಕೇಳಬೇಕು. ಜಾತ್ರೆಯ, ಕೋಲದ, ಬಯಲಾಟದ ದೀಪ ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ, ಅದರ ಬಗ್ಗೆ ತಕರಾರಿಲ್ಲ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. 2002ರ ಜೀವವೈವಿಧ್ಯ ಕಾಯಿದೆಯ ಅನ್ವಯ ಊರೂರಿನಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ನಡೆದಿದೆ. ಅದರ ಜೊತೆಗೆ ರಾತ್ರಿಯ ಆಕಾಶಕ್ಕೂ ಒಂದು ಪುಟ ತೆರೆಯಬಹುದು. ಪ್ರತಿ ವರ್ಷ ಜನವರಿಯ ಅಮಾವಾಸ್ಯೆಯ ರಾತ್ರಿ, ಅದೇ ಅಂಗಳದಿಂದ, ಅದೇ ಕ್ಯಾಮೆರಾ ಮತ್ತು ಮಸೂರದಿಂದ, ಅದೇ ಐಎಸ್‌ಒ, ಅದೇ ಇಪ್ಪತ್ತು ಸೆಕೆಂಡಿನಲ್ಲಿ ನೆತ್ತಿಯ ಆಕಾಶದ ಮತ್ತು ನಾಲ್ಕು ದಿಕ್ಕುಗಳ ಚಿತ್ರ ತೆಗೆದು, ತಿದ್ದುಪಡಿ ಮಾಡದ ಮೂಲ ಕಡತವನ್ನು ಕಾಪಿಡುವುದು. ಕ್ಯಾಮೆರಾ ಇಲ್ಲದ ಶಾಲೆಯ ಮಕ್ಕಳು ಮಹಾವ್ಯಾಧದಲ್ಲಿ ಬರಿಗಣ್ಣಿಗೆ ಕಂಡ ನಕ್ಷತ್ರಗಳನ್ನು ಎಣಿಸಿ ಬರೆಯಬಹುದು. ಐದು ಹತ್ತು ವರ್ಷಗಳಲ್ಲಿ ಅದು ಯಾವ ಅಧಿಕಾರಿಯೂ ಅಲ್ಲಗಳೆಯಲಾಗದ ಪುರಾವೆಯಾದೀತು.

ಶಿವರಾಮ ಕಾರಂತರು ಮಕ್ಕಳಿಗಾಗಿ ಜಗತ್ತಿನ ಜ್ಞಾನವನ್ನು ಕನ್ನಡಕ್ಕಿಳಿಸಿದ್ದು ಪುತ್ತೂರಿನಲ್ಲಿ ನೆಲೆಸಿದ್ದ ದಿನಗಳಲ್ಲಿ. ಘಟ್ಟದ ಮೇಲಿನ ಮಡಿಕೇರಿಯಲ್ಲಿ ಹುಟ್ಟಿದ ಜಿ.ಟಿ. ನಾರಾಯಣ ರಾವ್ ಬದುಕಿನುದ್ದಕ್ಕೂ ಕನ್ನಡಿಗರಿಗೆ ನಕ್ಷತ್ರಗಳನ್ನು ಪರಿಚಯಿಸಿದರು. ಅವರ ಪುಸ್ತಕಗಳು ಇಂದಿಗೂ ಗ್ರಂಥಾಲಯಗಳಲ್ಲಿವೆ. ಅವುಗಳನ್ನು ಹಿಡಿದು ಅಂಗಳಕ್ಕಿಳಿಯುವ ಮಗುವಿಗೆ ಪುಟದಲ್ಲಿರುವುದು ತಲೆಯ ಮೇಲೆಯೂ ಕಾಣಬೇಕು. ಕಡಿದ ಕಾಡು ಮತ್ತೆ ಬೆಳೆಯಲು ತಲೆಮಾರುಗಳು ಬೇಕು. ಕಳೆದ ಕತ್ತಲೆ ಮರಳಲು ಒಂದು ಮುಚ್ಚಳ, ಒಂದು ಸ್ವಿಚ್ಚು, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಒಬ್ಬರು ಸಾಕು. ಪರಿಸರದ ನಷ್ಟಗಳಲ್ಲಿ ಇಷ್ಟು ಅಗ್ಗವಾಗಿ ಸರಿಪಡಿಸಬಹುದಾದದ್ದು ಬೇರೊಂದಿಲ್ಲ. ಅದನ್ನೂ ಮಾಡದೆ ಉಳಿದರೆ ಹಣದ ಕೊರತೆಯೆಂಬ ನೆಪ ಯಾರಿಗೂ ಸಿಗಲಾರದು.