ಕ್ಷಮಾದಾನವು ನಿರ್ದೋಷತ್ವವಲ್ಲ

ರಶಿಯದ ವಾಸಿಲಿ ಸ್ತಾರೊದುಬ್ತ್ಸೆವ್ ಅವರು 1931ರಲ್ಲಿ ಒಕ್ಕಲು ಮನೆತನದಲ್ಲಿ ಹುಟ್ಟಿದವರು. 1964ರಿಂದ ತುಲಾ ಪ್ರಾಂತದ ಸಾಮೂಹಿಕ ಬೇಸಾಯ ಸಂಘವೊಂದರ ಅಧ್ಯಕ್ಷರಾಗಿ ಹೆಸರು ಗಳಿಸಿ, 1976ರಲ್ಲಿ ‘ಸಮಾಜವಾದಿ ದುಡಿಮೆಯ ವೀರ’ರೆನಿಸಿದರು. ಈ ಕೀರ್ತಿಯು ಬಿಟ್ಟಿ ಬಂದುದಲ್ಲ. ಅದನ್ನು ಅಲ್ಲಗಳೆಯುವುದು ಅನ್ಯಾಯ.

ಆದರೆ 1991ರ ಆಗಸ್ಟ್ 19ರಂದು, ರೈತರ ಮುಂದಾಳೆಂಬ ಹೆಸರಿನಿಂದಲೇ, ಗೋರ್ಬಚೇವರನ್ನು ಬದಿಗೊತ್ತಿ ಅಧಿಕಾರವನ್ನು ಕಸಿಯಹೊರಟ ಎಂಟು ಜನರ ಸಮಿತಿಯಲ್ಲಿ ಅವರೂ ಕುಳಿತರು. ಮಾಸ್ಕೋದ ಬೀದಿಗಳಲ್ಲಿ ಟ್ಯಾಂಕುಗಳು ಉರುಳಿದವು, ಮೂವರು ಮಡಿದರು, ಮೂರೇ ದಿನಗಳಲ್ಲಿ ಸಂಚು ಮುರಿಯಿತು. ಭೂಮಿಯು ಖಾಸಗಿ ಒಡೆತನಕ್ಕೆ ಹೋದರೆ ಒಕ್ಕಲುತನವು ಕೆಡುವುದೆಂಬುದು ಅವರ ಅಂಜಿಕೆ. ಆ ಅಂಜಿಕೆಯು ಪ್ರಾಮಾಣಿಕವೇ ಇದ್ದೀತು. ಆದರೆ ಟ್ಯಾಂಕು ಹೊರಡಿಸಲು ಯಾವ ರೈತನು ಅವರಿಗೆ ಮುಖತ್ಯಾರಪತ್ರವನ್ನು ಬರೆದುಕೊಟ್ಟಿದ್ದನು?

ಸೆರೆಮನೆಯನ್ನು ಕಂಡು ಬಂದ ಅವರು 1994ರ ಕ್ಷಮಾದಾನದಿಂದ ಪಾರಾದರು. ಅದೇ ಖಟ್ಲೆಯ ಆರೋಪಿ ಜನರಲ್ ವಾರೆನ್ನಿಕೊವ್ ಅವರಾದರೋ ಕ್ಷಮೆಯನ್ನು ಒಲ್ಲೆನೆಂದು ವಿಚಾರಣೆಗೆ ನಿಂತು, ನಿರ್ದೋಷಿಯೆಂದು ಬಿಡುಗಡೆ ಹೊಂದಿದರು. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆಲ್ಲ ಇವೆರಡರ ಅಂತರವು ತಿಳಿದೇ ಇದೆ. ತಾವು ಮಾಡಿದುದು ಸರಿಯೆಂದು ನಂಬಿದವರು ಅದನ್ನು ನ್ಯಾಯಾಧೀಶರೆದುರಿಗೆ ಹೇಳಬೇಕಾಗಿತ್ತು.

ತುಲಾದ ಮತದಾರರಂತೂ 1997ರಲ್ಲಿ ಅವರನ್ನೇ ಗವರ್ನರರನ್ನಾಗಿ ಆರಿಸಿ, 2005ರವರೆಗೆ ಇರಿಸಿಕೊಂಡರು. 2011ರಲ್ಲಿ ಅವರು ತೀರಿಕೊಂಡರು. ಅವರ ಮೇಲಣ ಆರೋಪಕ್ಕೆ ತೀರ್ಪು ಬರಲೇ ಇಲ್ಲ.