ಸುಳ್ಳು ಕಥೆ ಓದಿದರೆ ಬುದ್ಧಿ ಕೆಡುತ್ತದೆಯೇ?



"ದೇಶ ಸುತ್ತು, ಕೋಶ ಓದು" ಅಂತ ಹಿರಿಯರು ಹೇಳಿದ್ದಾರೆ. ದೇಶ ಸುತ್ತುವಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ. ಆದ್ದರಿಂದ ಕೋಶ ಓದುವುದೊಂದೇ ನಮಗಿರುವ ದಾರಿ. ಆದರೆ ಯಾವ ಕೋಶ ಓದಬೇಕು ಎಂಬುದರಲ್ಲೇ ತಕರಾರು. ಪಾಠದ ಪುಸ್ತಕ ಹಿಡಿದು ಕೂತರೆ "ಹುಡುಗಿ ಓದ್ತಾ ಇದಾಳೆ, ಮಾತಾಡಿಸಬೇಡಿ" ಅಂತಾರೆ. ಕಥೆ ಪುಸ್ತಕ ಹಿಡಿದರೆ "ಕೆಲಸ ಇಲ್ವೇನೇ? ಹೋಗಿ ಕೊಟ್ಟಿಗೆ ಗುಡಿಸು" ಅಂತಾರೆ. ಅದರಲ್ಲೂ ಮನುಷ್ಯ ಮಾಯವಾದದ್ದು, ಚಂದ್ರಲೋಕಕ್ಕೆ ಹೋದದ್ದು, ಮೊಲ ಮಾತಾಡಿದ್ದು ಇಂಥ ಕಥೆಯಾದರೆ ಮುಗಿದೇ ಹೋಯಿತು. "ಬರೀ ಸುಳ್ಳು. ಇದನ್ನ ಓದಿ ಪರೀಕ್ಷೆಯಲ್ಲಿ ಏನು ಬರೀತೀಯಾ?" ಅನ್ನೋ ಪ್ರಶ್ನೆ ಬಂದೇ ಬರುತ್ತದೆ.

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡುವ ಸಲುವಾಗಿ ಈ ಲೇಖನ ಬರೆಯುತ್ತಿದ್ದೇನೆ. ಕಳೆದ ಒಂದು ವರ್ಷದಲ್ಲಿ ನಾನು ಪಂಚಾಯಿತಿ ಗ್ರಂಥಾಲಯದಿಂದ ತಂದು ಓದಿದ, ಕೆಲವನ್ನು ಇಂಗ್ಲಿಷ್ ಮೇಷ್ಟ್ರ ಬಾಯಿಂದ ಕನ್ನಡದಲ್ಲಿ ಕೇಳಿದ ವೈಜ್ಞಾನಿಕ ಕಥೆಗಳು ಮತ್ತು ಅದ್ಭುತ ಕಥೆಗಳಲ್ಲಿ ನನಗೆ ಬಹಳ ಹಿಡಿಸಿದವನ್ನು ಇಲ್ಲಿ ಹೇಳುತ್ತೇನೆ. ಬುದ್ಧಿ ಕೆಡುತ್ತದೋ ಬೆಳೆಯುತ್ತದೋ ನೀವೇ ತೀರ್ಮಾನ ಮಾಡಿ.

1. ನೀರಿನೊಳಗಿನ ರಾಜಕುಮಾರ

ಫ್ರಾನ್ಸ್ ದೇಶದ ಜೂಲ್ಸ್ ವರ್ನ್ ಎಂಬ ಲೇಖಕ 1870ರಲ್ಲಿ ಸಮುದ್ರದೊಳಗಿನ ಇಪ್ಪತ್ತು ಸಾವಿರ ಲೀಗಿನ ಪ್ರಯಾಣದ ಕಥೆ ಬರೆದ. ಇಪ್ಪತ್ತು ಸಾವಿರ ಲೀಗ್ ಎಂದರೆ ಆಳ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ಆಳ ಅಲ್ಲ, ನೀರಿನೊಳಗೆ ಕ್ರಮಿಸಿದ ದೂರ. ಅವನ ಲೆಕ್ಕದ ಒಂದು ಲೀಗ್ ಅಂದರೆ 4 ಕಿಲೋಮೀಟರ್. ಒಟ್ಟು 80 ಸಾವಿರ ಕಿಲೋಮೀಟರ್, ಅಂದರೆ ಭೂಮಿಯನ್ನು ಎರಡು ಸುತ್ತು ಹಾಕಿದಷ್ಟು. ನಾಟಿಲಸ್ ಎಂಬ ಹಡಗು ವಿದ್ಯುತ್ತಿನಿಂದ ಓಡುತ್ತದೆ. ಅದರ ಒಡೆಯ ಕ್ಯಾಪ್ಟನ್ ನೀಮೋ. ಅವನು ಯಾರು, ಯಾವ ದೇಶದವನು ಅಂತ ಆ ಪುಸ್ತಕ ಮುಗಿದರೂ ಗೊತ್ತಾಗುವುದಿಲ್ಲ.

1875ರಲ್ಲಿ ಬಂದ "ರಹಸ್ಯ ದ್ವೀಪ" ಎಂಬ ಇನ್ನೊಂದು ಕಾದಂಬರಿಯಲ್ಲಿ ಗುಟ್ಟು ಒಡೆಯುತ್ತದೆ. ನೀಮೋ ನಮ್ಮ ದೇಶದವನೇ! ಬುಂದೇಲಖಂಡದ ರಾಜಕುಮಾರ ದಕ್ಕಾರ್. 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಮನೆಯವರನ್ನೆಲ್ಲಾ ಕಳಕೊಂಡವನು. ಅಷ್ಟೇ ಅಲ್ಲ, ನಮ್ಮ ಟಿಪ್ಪು ಸುಲ್ತಾನನ ಸಂಬಂಧದಲ್ಲಿ ಮಗನಾಗಬೇಕು ಅಂತ ಕಥೆಗಾರ ಬರೆದಿದ್ದಾನೆ. ಶ್ರೀರಂಗಪಟ್ಟಣದ ಹೆಸರು ಫ್ರಾನ್ಸಿನಲ್ಲಿ ಕೂತ ಕಥೆಗಾರನ ತನಕ ಮುಟ್ಟಿತ್ತು ಅಂದರೆ ನನಗೆ ಮೈ ಜುಮ್ಮೆಂದಿತು.

ಆದರೆ ಇಲ್ಲೊಂದು ಲೆಕ್ಕ ಇದೆ. ಕಥೆಯ ಪ್ರಕಾರ ದಕ್ಕಾರ್ 10ನೇ ವಯಸ್ಸಿಗೆ ಯುರೋಪಿಗೆ ಹೋಗಿ 30ನೇ ವಯಸ್ಸಿಗೆ, 1849ರಲ್ಲಿ, ವಾಪಸು ಬಂದ. ಹಾಗಾದರೆ ಹುಟ್ಟಿದ್ದು 1819ರ ಸುಮಾರಿಗೆ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಹೈದರಾಲಿ ತೀರಿಕೊಂಡದ್ದು 1782ರಲ್ಲಿ. ಈ ಸಂಬಂಧ ಕೂಡುತ್ತದೆಯೇ? ಇತಿಹಾಸದ ಇಸವಿಗಳನ್ನು ಬಾಯಿಪಾಠ ಮಾಡಿದಾಗ ಒಂದೂ ನೆನಪಿರುತ್ತಿರಲಿಲ್ಲ. ಈ ಕಥೆ ಓದಿದ ಮೇಲೆ ಈ ಮೂರು ಇಸವಿ ಮರೆಯುವ ಹಾಗೇ ಇಲ್ಲ.

2. ಕಾಣದ ಮನುಷ್ಯನ ಕಷ್ಟ

ನಮ್ಮ ಅಜ್ಜಿ ಹೇಳುವ ಕಥೆಯಲ್ಲಿ ಮಾಯದ ಟೋಪಿ ಹಾಕಿಕೊಂಡವನಿಗೆ ಎಲ್ಲಾ ಸುಖ. ಯಾರಿಗೂ ಕಾಣದೆ ಅರಮನೆಗೆ ನುಗ್ಗಬಹುದು, ಲಾಡು ತಿನ್ನಬಹುದು. ಇಂಗ್ಲೆಂಡಿನ ಎಚ್.ಜಿ. ವೆಲ್ಸ್ 1897ರಲ್ಲಿ ಬರೆದ "ಅದೃಶ್ಯ ಮನುಷ್ಯ" ಕಥೆಯಲ್ಲಿ ಗ್ರಿಫಿನ್ ಎಂಬ ವಿಜ್ಞಾನಿ ಕಾಣದಂತಾಗುತ್ತಾನೆ. ಆದರೆ ಅವನಿಗೆ ಒಂದು ದಿನವೂ ನೆಮ್ಮದಿ ಇಲ್ಲ. ದೇಹ ಕಾಣುವುದಿಲ್ಲ, ಆದರೆ ಬಟ್ಟೆ ಕಾಣುತ್ತದಲ್ಲ? ಹಾಗಾಗಿ ಚಳಿಗಾಲದಲ್ಲೂ ಬರಿ ಮೈಯಲ್ಲಿ ತಿರುಗಬೇಕು. ತಿಂದ ಅನ್ನ ಅರಗುವ ತನಕ ಹೊಟ್ಟೆಯೊಳಗೆ ಕಾಣುತ್ತದೆ! ಹಿಮದ ಮೇಲೆ ಹೆಜ್ಜೆ ಮೂಡುತ್ತದೆ. ನಾಯಿಗಳು ವಾಸನೆ ಹಿಡಿಯುತ್ತವೆ.

ವಿಜ್ಞಾನದ ಪಾಠದಲ್ಲಿ ಕಣ್ಣಿನ ಬಗ್ಗೆ ಓದಿದವರು ಇನ್ನೊಂದು ಯೋಚನೆ ಮಾಡಿ. ಅಕ್ಷಿಪಟಲದ ಮೇಲೆ ಬೆಳಕು ಬಿದ್ದು ಬಿಂಬ ಮೂಡಿದರೆ ಮಾತ್ರ ನಮಗೆ ಕಾಣುವುದು. ಅಕ್ಷಿಪಟಲವೂ ಗಾಜಿನ ಹಾಗೆ ಬೆಳಕನ್ನು ಪೂರಾ ಬಿಟ್ಟುಕೊಟ್ಟರೆ? ಪೂರ್ತಿ ಕಾಣದ ಮನುಷ್ಯ ಪೂರ್ತಿ ಕುರುಡನಾಗಿರುತ್ತಾನೆ. ಯಾವ ಶಕ್ತಿಯೂ ಪುಕ್ಕಟೆ ಸಿಗುವುದಿಲ್ಲ, ಅದಕ್ಕೆ ಬೆಲೆ ಕೊಡಲೇಬೇಕು. ಮಾಯದ ಕಥೆಗೂ ವಿಜ್ಞಾನದ ಕಥೆಗೂ ಇರುವ ವ್ಯತ್ಯಾಸ ಇದೇ ಎಂಬುದು ನನ್ನ ಅಭಿಪ್ರಾಯ.

3. ಒಬ್ಬ ಹೆಣ್ಣುಮಗಳ ಕನಸು

ಇದು ಹುಡುಗಿಯರೆಲ್ಲಾ ಓದಲೇಬೇಕಾದ ಕಥೆ. ಹುಡುಗರು ಇನ್ನೂ ಮೊದಲು ಓದಬೇಕು. ಬಂಗಾಳದ ರೊಕೆಯಾ ಎಂಬಾಕೆ "ಸುಲ್ತಾನಳ ಕನಸು" ಅಂತ ಇಂಗ್ಲಿಷಿನಲ್ಲಿ ಬರೆದರು. 1905ರಲ್ಲಿ ಮದರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಕನಸಿನ ನಾಡಿನಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ಹೊರಗೆ. ರಾಜ್ಯ ಆಳುವವರು, ವಿಜ್ಞಾನಿಗಳು ಎಲ್ಲಾ ಹೆಂಗಸರೇ. ಮೋಡದಿಂದ ನೀರು ಇಳಿಸುತ್ತಾರೆ. ಬಿಸಿಲಿನ ಶಾಖ ಕೂಡಿಟ್ಟು ಅಡುಗೆ ಮಾಡುತ್ತಾರೆ. ವೈರಿ ಸೈನ್ಯ ಬಂದಾಗ ಅದೇ ಶಾಖವನ್ನು ಅವರ ಕಡೆ ತಿರುಗಿಸಿ ಓಡಿಸುತ್ತಾರೆ.

ಇದನ್ನು ಬರೆದಾಕೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯಲ್ಲೇ ಅಣ್ಣನಿಂದ, ಅಕ್ಕನಿಂದ ಅಕ್ಷರ ಕಲಿತವರು. 1911ರಲ್ಲಿ ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಲು ಶುರುಮಾಡಿದರು. ಮೊದಲು ಕನಸು, ಆಮೇಲೆ ಶಾಲೆ! ಬಿಸಿಲನ್ನು ಕೆಲಸಕ್ಕೆ ಹಚ್ಚುವ ಮಾತು ಆವತ್ತು ಕಥೆ. ಇವತ್ತು ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಬಿಸಿಲಿನಿಂದ 2,050 ಮೆಗಾವ್ಯಾಟ್ ವಿದ್ಯುತ್ ತಯಾರಿಸುವ ಘಟಕವೇ ಇದೆ. ಹತ್ತನೇ ತರಗತಿ ಆದ ಮೇಲೆ ಮದುವೆಯ ಮಾತು ಎತ್ತುವ ಮನೆಗಳಲ್ಲಿ ಈ ಕಥೆಯನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕು.

4. ನಮ್ಮ ಕಾಡಿನ ಅದ್ಭುತ

ಪೂರ್ಣಚಂದ್ರ ತೇಜಸ್ವಿಯವರ "ಕರ್ವಾಲೋ" 1980ರಲ್ಲಿ ಬಂದ ಕಾದಂಬರಿ. ಇದು ವೈಜ್ಞಾನಿಕ ಕಥೆಯೇ ಅಂತ ಕೆಲವರು ವಾದ ಮಾಡಬಹುದು. ರಾಕೆಟ್ ಇಲ್ಲ, ಯಂತ್ರಮಾನವ ಇಲ್ಲ. ಮೂಡಿಗೆರೆ ಕಡೆಯ ಕಾಡು, ಜೇನು, ಮಳೆ, ಒಂದು ನಾಯಿ. ಆದರೆ ಎಷ್ಟೋ ಕೋಟಿ ವರ್ಷ ಹಿಂದಿನ ಹಾರುವ ಓತಿಯನ್ನು ಹುಡುಕಿ ಹೋಗುವ ಕಥೆ ಇದು. ಊರವರ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು. ಕರ್ವಾಲೋ ಸಾಹೇಬರ ಕಣ್ಣಿಗೆ ಅವನು ಹುಟ್ಟಾ ವಿಜ್ಞಾನಿ. ಕಾರಣ ಇಷ್ಟೇ, ಅವನು ಕಣ್ಣು ಬಿಟ್ಟು ನೋಡುತ್ತಾನೆ. ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲೂ ಮಂದಣ್ಣಂದಿರು ಇದ್ದಾರೆ. ಯಾವ ಹಕ್ಕಿ ಎಲ್ಲಿ ಗೂಡು ಕಟ್ಟಿದೆ ಅಂತ ಅವರಿಗೆ ಗೊತ್ತು, ಆದರೆ ಅಂಕಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ. ಕೊನೆಗೆ ಓತಿ ಸಿಕ್ಕಿತೇ ಇಲ್ಲವೇ ಅಂತ ನಾನು ಹೇಳುವುದಿಲ್ಲ. ಓದಿ ನೋಡಿ.

5. ಮೊಲದ ಬಿಲ, ಬೇತಾಳನ ಪ್ರಶ್ನೆ

ಇವು ಅದ್ಭುತ ಕಥೆಗಳು. ನಾ. ಕಸ್ತೂರಿಯವರ "ಪಾತಾಳದಲ್ಲಿ ಪಾಪಚ್ಚಿ" ಓದಿ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ಇಂಗ್ಲಿಷಿನ ಆಲಿಸ್ ಎಂಬ ಹುಡುಗಿ ಕನ್ನಡಕ್ಕೆ ಬಂದು ಪಾಪಚ್ಚಿ ಆಗಿದ್ದಾಳೆ. ಮೂಲ ಕಥೆ 1865ರದ್ದು. ಬರೆದವರು ಗಣಿತದ ಮೇಷ್ಟ್ರು! ಗಣಿತದವರಿಗೆ ತಮಾಷೆ ಬರುವುದಿಲ್ಲ ಅನ್ನುವವರು ಗಮನಿಸಿ.

ಚಂದಮಾಮದ ಹಳೇ ಸಂಚಿಕೆಗಳು ಕೆಲವು ಮನೆಗಳ ಅಟ್ಟದಲ್ಲಿ ಇನ್ನೂ ಇವೆ. ಕನ್ನಡದಲ್ಲಿ 1949ರಲ್ಲಿ ಶುರುವಾದ ಆ ಪತ್ರಿಕೆ ಈಗ ನಿಂತುಹೋಗಿದೆ. ಅದರ ಬೇತಾಳ ಕಥೆ ಹೇಳಿ ಸುಮ್ಮನಾಗುವುದಿಲ್ಲ, ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿದು ಹೋಳಾಗುತ್ತದೆ. ಹೆದರಿಸುವ ಕಥೆ ಅಂದುಕೊಂಡರೆ ಅದು ಯೋಚನೆ ಮಾಡಿಸುವ ಕಥೆ.

ಈಗ ಮುಖ್ಯ ವಿಷಯಕ್ಕೆ ಬರೋಣ. "ಇದೆಲ್ಲಾ ಸುಳ್ಳಲ್ವಾ?" ಅಂದರೆ, ಹೌದು, ಸುಳ್ಳೇ. ಆದರೆ ಎಷ್ಟು ಸುಳ್ಳು ಅಂತ ನಾವೇ ಅಳೆಯಬಹುದು. ಅದೇ ಜೂಲ್ಸ್ ವರ್ನ್ 1865ರ ಒಂದು ಕಥೆಯಲ್ಲಿ 900 ಅಡಿ ಉದ್ದದ ತೋಪಿನಿಂದ ಮೂವರನ್ನು ಚಂದ್ರನ ಕಡೆ ಹಾರಿಸುತ್ತಾನೆ. ತೋಪಿನ ಬಾಯಿ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್. ಒಂಬತ್ತನೇ ತರಗತಿಯ ಚಲನೆಯ ಸೂತ್ರ ಹಾಕಿ ನೋಡಿ. 900 ಅಡಿ ಎಂದರೆ ಸುಮಾರು 274 ಮೀಟರ್. ಅಷ್ಟರೊಳಗೆ ಆ ವೇಗ ಬರಬೇಕಾದರೆ ವೇಗೋತ್ಕರ್ಷ ಭೂಮಿಯ ಗುರುತ್ವದ 20 ಸಾವಿರ ಪಟ್ಟಿಗಿಂತ ಜಾಸ್ತಿ. ಒಳಗಿದ್ದವರು ಚಟ್ನಿ! ನಮ್ಮ ಚಂದ್ರಯಾನ-3 ಹೋದದ್ದು ಹಾಗಲ್ಲ. 2023ರ ಜುಲೈ 14ರಂದು ಹೊರಟು, ಕಕ್ಷೆಯನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸಿಕೊಂಡು, 40 ದಿನ ತೆಗೆದುಕೊಂಡು ಆಗಸ್ಟ್ 23ರಂದು ಇಳಿಯಿತು. ಕಥೆ ಸುಳ್ಳಾದದ್ದರಿಂದಲೇ ನಾನು ಲೆಕ್ಕ ಮಾಡಿದೆ. ಲೆಕ್ಕ ಮಾಡಿದ್ದರಿಂದ ಪಾಠ ಅರ್ಥವಾಯಿತು. ಪರೀಕ್ಷೆಯಲ್ಲಿ ಏನು ಬರೀತೀಯಾ ಅಂದವರಿಗೆ ಇದು ನನ್ನ ಉತ್ತರ.

ಇನ್ನೊಂದು ಮಾತು. ಕಥೆಗಾರ "ಇದು ಕಥೆ" ಅಂತ ಮೊದಲೇ ಹೇಳುತ್ತಾನೆ. ಅವನು ಮೋಸ ಮಾಡುವುದಿಲ್ಲ. ಸುಳ್ಳನ್ನು "ಇದು ನಿಜ, ಪರೀಕ್ಷೆ ಮಾಡಬೇಡಿ" ಅಂತ ಹೇಳುವವರ ವಿಷಯದಲ್ಲಿ ನಾವು ಹುಷಾರಾಗಿರಬೇಕು. 2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣ ಇತ್ತು. ಅದು ಭೂಮಿಯ ನೆರಳು, ಬರಿಗಣ್ಣಿನಲ್ಲಿ ನೋಡಿದರೂ ಏನೂ ಆಗುವುದಿಲ್ಲ ಅಂತ ಪಾಠದಲ್ಲೇ ಇದೆ. ಆದರೂ ಎಷ್ಟೋ ಮನೆಗಳಲ್ಲಿ ಸಂಜೆಗೇ ಊಟ ಮುಗಿಸಿ, ನೀರಿನ ಕೊಡಕ್ಕೆ ಗರಿಕೆ ಹಾಕಿ, ಬಾಗಿಲು ಮುಚ್ಚಿದ್ದರು. ಬಸುರಿಯರನ್ನಂತೂ ಅಲ್ಲಾಡದಂತೆ ಕೂರಿಸಿದ್ದರು. ಮೊಬೈಲಿನಲ್ಲಿ ಯಾರೋ ಕಳಿಸಿದ್ದನ್ನೆಲ್ಲಾ ನಂಬುವವರೇ ನಮ್ಮ ಕಥೆ ಪುಸ್ತಕವನ್ನು ಸುಳ್ಳು ಅಂತಾರೆ!

ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಅವರು 2025ರ ಮೇ 20ರಂದು ತೀರಿಕೊಂಡರು. ಅವರು ಕಥೆಗಳನ್ನೂ ಬರೆದಿದ್ದಾರೆ. ಅವರ ಒಂದು ಕಥೆಯಲ್ಲಿ ಧೂಮಕೇತುವೊಂದು ಭೂಮಿಗೆ ಬಡಿಯಲು ಬರುತ್ತದೆ. ವಿಜ್ಞಾನಿಗಳು ಗುಟ್ಟಾಗಿ ಸೇರಿ, ಅಂತರಿಕ್ಷಕ್ಕೆ ಸ್ಫೋಟಕ ಕಳಿಸಿ ಅದರ ದಾರಿ ತಪ್ಪಿಸುತ್ತಾರೆ. ಆದರೆ ಅದನ್ನು ಕಂಡುಹಿಡಿದವನ ಮನೆಯವರೇ ಯಜ್ಞ ಮಾಡಿಸುತ್ತಾರೆ, ಗಂಡಾಂತರ ತಪ್ಪಿದ್ದು ಯಜ್ಞದಿಂದ ಅಂದುಕೊಳ್ಳುತ್ತಾರೆ. ದಾರಿ ತಪ್ಪಿಸುವ ಉಪಾಯ ಬರೀ ಕಲ್ಪನೆ ಅಂದುಕೊಳ್ಳಬೇಡಿ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆ ಡಾರ್ಟ್ ಎಂಬ ನೌಕೆಯನ್ನು ಡೈಮಾರ್ಫಸ್ ಎಂಬ ಸಣ್ಣ ಆಕಾಶಕಾಯಕ್ಕೆ ಬೇಕೆಂದೇ ಗುದ್ದಿಸಿ, ಅದರ ಸುತ್ತುವ ಅವಧಿಯನ್ನು ಅರ್ಧ ಗಂಟೆಗಿಂತ ಜಾಸ್ತಿ ಕಡಿಮೆ ಮಾಡಿತು.

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ಮೂಲಭೂತ ಕರ್ತವ್ಯ. ಸಮಾಜ ಪರೀಕ್ಷೆಗೆ ನಾವೆಲ್ಲಾ ಬರೆದಿದ್ದೇವೆ. ಬರೆದರೆ ಸಾಕೇ? ಬೇತಾಳ ನಮ್ಮ ಹೆಗಲ ಮೇಲೂ ಕೂತಿದೆ. ಗೊತ್ತಿದ್ದೂ ಸುಮ್ಮನಿರುವುದು ಸರಿಯಲ್ಲ.

ಕಡೆಗೆ ಗುರುಗಳಲ್ಲಿ ಮೂರು ಕೋರಿಕೆ. ಒಂದು, ಶಾಲೆಯ ಪುಸ್ತಕದ ಬೀರುವಿನ ಬೀಗ ಪ್ರತಿ ಶನಿವಾರ ಒಂದು ಪೀರಿಯಡ್ಡಾದರೂ ತೆಗೆಯಬೇಕು. ಪುಸ್ತಕ ಹರಿದುಹೋಗುತ್ತದೆ ಎಂಬ ಭಯ ಬೇಡ, ರಟ್ಟು ಹಾಕುವ ಕೆಲಸ ನಾವೇ ಮಾಡುತ್ತೇವೆ. ಬೀಗದೊಳಗೆ ಗೆದ್ದಲು ತಿನ್ನುವುದಕ್ಕಿಂತ ನಾವು ಓದಿ ಹರಿದರೆ ಮೇಲು. ಎರಡು, ಪಂಚಾಯಿತಿ ಗ್ರಂಥಾಲಯಕ್ಕೆ ಸಂಜೆ ಹುಡುಗಿಯರನ್ನು ಮನೆಯವರು ಕಳಿಸುವುದಿಲ್ಲ. ಹಾಗಾಗಿ ಪುಸ್ತಕ ಮನೆಗೆ ಕೊಡುವ ವ್ಯವಸ್ಥೆ ಆಗಬೇಕು. ಮೂರು, ತಿಂಗಳಿಗೊಂದು ಕಥೆ ಗಟ್ಟಿಯಾಗಿ ಓದಿ, ಅದರಲ್ಲಿ ಯಾವುದು ಆಗಬಹುದು, ಯಾವುದು ಆಗದು, ಯಾಕೆ ಅಂತ ಚರ್ಚೆ ನಡೆಸಬೇಕು.

ಗೆಳೆಯರೇ, ನನ್ನ ಅಭಿಪ್ರಾಯ ಒಪ್ಪದವರು ಮುಂದಿನ ಸಂಚಿಕೆಗೆ ಧಾರಾಳವಾಗಿ ವಿರುದ್ಧ ಬರೆಯಿರಿ. ಇದೇ ಗೋಡೆಯಲ್ಲಿ ಪಕ್ಕಪಕ್ಕ ಅಂಟಿಸೋಣ. ಆದರೆ ಒಂದು ಷರತ್ತು, ಒಂದಾದರೂ ಪುಸ್ತಕ ಓದಿ ಬರೆಯಬೇಕು.

ಇಂತಿ,
ಒಬ್ಬಳು ವಿದ್ಯಾರ್ಥಿನಿ,
9ನೇ ತರಗತಿ