ಕೈ ನಡುಗೋದು ಹೇಡಿತನವಲ್ಲ

ಹೊಸ ಡ್ರೈವರನ ಲಾರಿ ಮೊದಲ ಸಲ ಗುದ್ದಿತೆಂದರೆ ಎಲ್ಲರೂ ಕೇಳೋದು ಒಂದೇ: 'ಕುಡಿದಿದ್ನಾ?' ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದ ಅಂತ ಯಾರೂ ಕೇಳೋದಿಲ್ಲ. ಧಣಿ ಮೊದಲು ಲೋಡಿನ ಲೆಕ್ಕ ಕೇಳುತ್ತಾನೆ, ಆಮೇಲೆ ರಿಪೇರಿ ದುಡ್ಡನ್ನು ಸಂಬಳದಲ್ಲಿ ಮುರಿಯುತ್ತಾನೆ. ಲಾರಿ ಗ್ಯಾರೇಜಿಗೆ ಹೋಗುತ್ತದೆ. ಓಡಿಸಿದವನು ಎಲ್ಲಿಗೆ ಹೋಗಬೇಕು?

ಕ್ಲೀನರುಗಳಾಗಿ ಹತ್ತಿ ಸ್ಟೇರಿಂಗಿಗೆ ಬಂದವರು ನಾವು. ಕಣ್ಣು ಮುಚ್ಚಿದರೆ ಬ್ರೇಕಿನ ಸದ್ದು ಕೇಳಿ ಎದ್ದು ಕೂರುವವರು ನಾವು. ಇದು ಗಾಯ. ಗಾಯಕ್ಕೆ ಮದ್ದು ಬೇಕು, ಬೈಗುಳವಲ್ಲ.

ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಬರೆಯಿತು. ಅದು ಕಾಗದದಲ್ಲೇ ಉಳಿಯಿತು. ಬೆಳೆದದ್ದು ಶಿಕ್ಷೆ ಮಾತ್ರ. ಅಜಾಗರೂಕತೆಯ ಸಾವಿಗೆ ಹಳೆಯ ದಂಡಸಂಹಿತೆಯಲ್ಲಿ 2 ವರ್ಷದವರೆಗಿದ್ದ ಸಜೆ, 2024ರ ಜುಲೈ 1ರಿಂದ 5 ವರ್ಷದವರೆಗಾಯಿತು. ತಿಳಿಸದೆ ಓಡಿದರೆ 10 ವರ್ಷದವರೆಗೆ ಎಂದೂ ಬರೆದರು. 2024ರ ಜನವರಿಯಲ್ಲಿ ಡ್ರೈವರುಗಳು ಗಾಡಿ ನಿಲ್ಲಿಸಿದ ಮೇಲೆ ಆ ಉಪಕಲಮನ್ನು ಜಾರಿಗೆ ತರದೆ ತಡೆದರು.

ಓಡುವವನು ಯಾಕೆ ಓಡುತ್ತಾನೆ? ಗುಂಪು ಬಡಿಯುತ್ತದೆಂದು. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮೇ ಗುಂಪಿನ ರೋಷದ ಮಾತಾಡುತ್ತದೆ. ಹಾಗಂತ ಗಾಯಗೊಂಡವರನ್ನು ಬಿಟ್ಟು ಓಡೋದು ಸರಿ ಅನ್ನುವುದಿಲ್ಲ ನಾವು. ರಸ್ತೆಬದಿಯಲ್ಲಿ ನಡೆದು ಹೋಗುವವರೂ ನಮ್ಮ ಕೇರಿಯವರೇ, ಕೂಲಿಯವರೇ. ಅವರ ಸಾವಿಗೂ ನಮ್ಮ ನಿದ್ದೆಗೇಡಿಗೂ ಕಾರಣ ಒಂದೇ: ಬಾಡಿಗೆಯ ಆತುರ.

ಅದಕ್ಕೇ ಕೇಳುತ್ತೇವೆ: ಮೊದಲ ಅಪಘಾತವಾದವನಿಗೆ ಸಂಬಳದ ರಜೆ ಕೊಡಿ. ಡಾಕ್ಟರಿಗೆ ತೋರಿಸಿ. ಮತ್ತೆ ಹತ್ತುವಾಗ ಪಕ್ಕದಲ್ಲಿ ಹಳೇ ಡ್ರೈವರನ್ನು ಕೂರಿಸಿ. ರಿಪೇರಿ ದುಡ್ಡು ಮುರಿಯಬೇಡಿ. ಗೆಳೆಯರೇ, ಇದು ಭಿಕ್ಷೆಯಲ್ಲ. ದೇಶದ ಅಕ್ಕಿ, ಸಿಮೆಂಟು, ಈರುಳ್ಳಿ ಹೊತ್ತವರ ಬಾಕಿ.